ನೆರಳು ನೋಡುವವಳ ಎರಡನೆಯ ಮಾತು

ನಮ್ಮ ಊರಿನಲ್ಲಿ ಮನೆಗೆ ಬಂದವರು ಎದ್ದು ಹೋದ ಕೂಡಲೇ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಅವರ ನೆರಳೂ ಎದ್ದು ಹೊಸ್ತಿಲು ದಾಟಬೇಕು. ಬೆಳಿಗ್ಗೆಯಾದರೆ ಅದಕ್ಕೆ ಒಂದು ಉಸಿರಿನಷ್ಟು ಹೊತ್ತು ಸಾಕು, ಸಂಜೆಯಾದರೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಅಷ್ಟು ಹೊತ್ತು ಬಾಗಿಲು ಹಿಡಿದು ನಿಲ್ಲುವುದು ಮರ್ಯಾದೆ. ಮದುವೆಯಲ್ಲಿ ತಾಳಿ ಕಟ್ಟಿದಾಗ ಒಮ್ಮೆ ಅಕ್ಷತೆ ಬೀಳುತ್ತದೆ, ನೆರಳಿನ ಕೈ ನೆರಳಿನ ಕೊರಳಿಗೆ ಕಟ್ಟಿದಾಗ ಇನ್ನೊಮ್ಮೆ. ಯಾರಾದರೂ ತೀರಿಕೊಂಡರೆ ಕಣ್ಣು ಮುಚ್ಚಿಸುವ ಮೊದಲು ಗೋಡೆಯ ಕಡೆ ನೋಡುತ್ತಾರೆ. ನನ್ನ ಅಪ್ಪನ ಉಸಿರು ನಿಂತ ಮೇಲೆ ಗೋಡೆಯ ಮೇಲೆ ಅವನ ಎದೆ ಇನ್ನೊಂದು ಸಲ ಏರಿತು, ಇಳಿಯಿತು. ಅದು ಇಳಿಯುವವರೆಗೆ ಅವ್ವ ಅಳಲಿಲ್ಲ.

ನನ್ನ ಹೆಸರು ದಾಕ್ಷಾಯಣಿ. ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಮೇಷ್ಟ್ರು ಪಾಠ ಓದಲು ಎಬ್ಬಿಸಿದರು. ಎದ್ದೆ. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ತಡೆಯಲಾಗದೆ ಕೂತುಬಿಟ್ಟೆ. ನಾನು ಕೂತಾದ ಮೇಲೆ ಕಿಟಕಿಯ ಬಿಸಿಲಿನಲ್ಲಿ ನನ್ನ ನೆರಳು ನಿಧಾನವಾಗಿ ಎದ್ದು ನಿಂತಿತು. ಇಡೀ ತರಗತಿ ನಕ್ಕಿತು. "ಮೇಷ್ಟ್ರೇ, ನೆರಳು ಎದ್ದೈತೆ, ಅದರ ಕೈಲೇ ಓದಿಸ್ರಿ!" ಎಂದು ಹಿಂದಿನ ಬೆಂಚಿನಿಂದ ಕೂಗಿದವಳು ಹೊನ್ನಲಕ್ಷ್ಮಿ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳೂ ಅವಳೇ. ಮರುದಿನ ನಾನು ಹೋಗಲಿಲ್ಲ. ಅವ್ವ ಎರಡು ದಿನ ಬೈದಳು, ಆಮೇಲೆ ಸೀರೆ ಸೆರಗಿಗೆ ಕುಚ್ಚು ಕಟ್ಟುವುದನ್ನು ಕಲಿಸಿದಳು. ಬಗ್ಗಿಸಿದ ತಲೆಯನ್ನು ಎತ್ತದೆ ಮಾಡಬಹುದಾದ ಕೆಲಸ ಅದು.

ತಲೆ ಬಗ್ಗಿಸಿಯೇ ನಡೆಯುವವರಿಗೆ ನಮ್ಮ ಊರಿನಲ್ಲಿ ಜನರ ಮುಖಕ್ಕಿಂತ ನೆರಳಿನ ಪರಿಚಯವೇ ಹೆಚ್ಚು. ಯಾರು ಕುಂಟುತ್ತಾರೆ, ಯಾರು ಮಾತಾಡುತ್ತಾ ಬೆನ್ನ ಹಿಂದೆ ಕೈ ಹಿಸುಕಿಕೊಳ್ಳುತ್ತಾರೆ, ಯಾರು ನಗುತ್ತಾ ಹೊರಟವರು ತಿರುವಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲವೂ ನನಗೆ ನೆಲದ ಮೇಲೆ ತಿಳಿಯುತ್ತಿತ್ತು. ಇದನ್ನು ಗಮನಿಸಿದವರು ಪುಟ್ಟತಾಯಮ್ಮ. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ವರ್ಷಾನುಗಟ್ಟಲೆ ನೆರಳು ನೋಡಿದವರು ಅವರು. ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಕೋಲೂರಿಕೊಂಡು ನಮ್ಮ ಮನೆಗೆ ಬಂದು, "ನಿನ್ನ ಮಗಳ್ನ ನಂಗೆ ಕೊಡೇ" ಎಂದು ಅವ್ವನನ್ನು ಕೇಳಿದರು.

"ಅವಳು ನಾಲ್ಕು ಜನ ಇದ್ರೆ ನೀರೂ ಕುಡಿಯಲ್ಲಮ್ಮ. ಅಷ್ಟು ಜನದ ನಡುವೆ ಕೂರ್ತಾಳಾ?" ಎಂದಳು ಅವ್ವ.

"ಜನರನ್ನ ನೋಡೋದಕ್ಕಲ್ಲ ಕಣೇ ನಾನು ಕರೀತಿರೋದು. ಜನರನ್ನ ನೋಡದೇ ಇರೋದಕ್ಕೆ."

ಅಂಗಳದ ಆಟ ನಮ್ಮಲ್ಲಿ ಬಿಸಿಲಿರುವಾಗ ಮಾತ್ರ ನಡೆಯುತ್ತದೆ. ರೆಫ್ರಿ ಆಟಗಾರರನ್ನು ನೋಡುತ್ತಾರೆ, ಸೀಟಿ ಊದುತ್ತಾರೆ. ಅವರ ತೀರ್ಪು ಒಪ್ಪದ ನಾಯಕಿ ಅಂಗೈ ಎತ್ತಿ "ನೆರಳು!" ಎಂದು ಕೂಗಬಹುದು. ಆಗ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ದೇಹಗಳು ನಿಂತ ಮೇಲೆ ನೆಲದ ಮೇಲೆ ನೆರಳುಗಳು ಆ ಕೊನೆಯ ಆಟವನ್ನು ಆಡಿ ಮುಗಿಸುತ್ತವೆ. ಗೆರೆಯ ಪಕ್ಕದ ಸ್ಟೂಲಿನ ಮೇಲೆ ಕೂತ ನೆರಳು ನೋಡುವವಳು ಆಮೇಲೆ ಒಂದೇ ಒಂದು ಮಾತು ಹೇಳಬೇಕು. ಹೆಚ್ಚಾಗಿ ಬರುತ್ತಿದ್ದದ್ದು ಚೆಂಡು ಪುಟಿಸುವ ಜಗಳವೇ. ಪುಟಿಸುತ್ತಾ ಓಡುವಾಗ ಚೆಂಡು ಕೈಯಲ್ಲಿ ನಿಂತು, ಮತ್ತೆ ಪುಟಿಸಿದರೆ ತಪ್ಪು. ಹಾಗಾಗಿ ನನ್ನ ಮಾತು ಒಂದೋ "ನಿಂತಿತು", ಇಲ್ಲವೇ "ನಿಲ್ಲಲಿಲ್ಲ". "ನೆರಳಿಗೆ ಬಾಯಿಲ್ಲ. ಅದರ ಪರವಾಗಿ ಮಾತಾಡೋರಿಗೂ ಬಾಯಿ ಸಣ್ಣದಿರ್ಬೇಕು" ಎನ್ನುತ್ತಿದ್ದರು ಪುಟ್ಟತಾಯಮ್ಮ. ನನಗೆ ಅದಕ್ಕಿಂತ ಒಳ್ಳೆಯ ಕೆಲಸ ಬೇರೆ ಇರಲಿಲ್ಲ.

ಚೆಂಡು ನಿಂತದ್ದನ್ನು ನೆರಳಿನಲ್ಲಿ ಗುರುತಿಸುವುದು ಅಂದುಕೊಂಡಷ್ಟು ಸುಲಭವಲ್ಲ. ನೆಲಕ್ಕೆ ಮೇಲೆ ಕೆಳಗೆ ಎಂಬುದಿಲ್ಲ. ಕೈ ಚೆಂಡಿನ ಮೇಲಿದೆಯೋ ಅಡಿಗಿದೆಯೋ ನೆರಳು ಹೇಳುವುದಿಲ್ಲ, ಎರಡೂ ಅಂಟಿಕೊಂಡ ಒಂದು ಕಪ್ಪು ಗಂಟಿನಂತೆ ಕಾಣುತ್ತವೆ. "ಗಂಟು ನೋಡ್ಬ್ಯಾಡ, ಅಂಚು ನೋಡು" ಎಂದು ಪುಟ್ಟತಾಯಮ್ಮ ಕಲಿಸಿದರು. ಚಲಿಸುವ ಚೆಂಡಿನ ನೆರಳಿಗೆ ಸುತ್ತಲೂ ಒಂದು ಅದುರುವ ಅಂಚಿರುತ್ತದೆ, ಗಾಳಿಯಲ್ಲಿ ಹಿಡಿದ ರೇಷ್ಮೆಯ ಅಂಚಿನಂತೆ. ಚೆಂಡು ನಿಂತರೆ ಆ ಅದುರು ನಿಲ್ಲುತ್ತದೆ. ಸೀರೆಯ ಅಂಚುಗಳನ್ನೇ ನೋಡುತ್ತಾ ಬೆಳೆದವಳು ನಾನು, ಬೇಗ ಕಲಿತೆ.

ರೆಫ್ರಿ ಅರುಳಪ್ಪನವರು ಬಿಡುವಿದ್ದಾಗ ನನ್ನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಚೆಂಡನ್ನು ಮೊಣಕಾಲ ನಡುವೆ ಇಟ್ಟುಕೊಂಡು ನಿಯಮ ಹೇಳಿಕೊಡುತ್ತಿದ್ದರು. "ಪುಟಿದ ಚೆಂಡು ತಲೆಗಿಂತ ಮೇಲೆ ಹೋಯ್ತು ಅಂತ ಕೂಗ್ತಾರೆ. ಹೋಗ್ಲಿ ಬಿಡು, ತಪ್ಪಲ್ಲ. ಹಿಡಿಯೋಕೆ ಹೋಗಿ ಕೈಜಾರಿತು ಅಂತಿಟ್ಕೋ, ಓಡಿಹೋಗಿ ಹಿಡ್ಕೊಂಡ್ಳು. ಅದೂ ತಪ್ಪಲ್ಲ, ಜಾರಿದ್ದು ಪುಟಿಸಿದ್ದಲ್ಲ. ಕೈ ಚೆಂಡಿನ ಅಡಿಗೆ ಹೋಯ್ತು ಅಂತ ಕೂಗ್ತಾರೆ. ಅಡಿಗೆ ಹೋಗಿದ್ದಕ್ಕೆ ನಾನು ಸೀಟಿ ಊದಲ್ಲ. ಚೆಂಡು ನಿಂತ್ರೆ ಊದ್ತೀನಿ. ಕೈ ಹೆಂಗೈತೆ ಅನ್ನೋದು ತಪ್ಪಲ್ಲ ದಾಕ್ಷಿ, ಚೆಂಡು ಏನಾಯ್ತು ಅನ್ನೋದು ತಪ್ಪು."

ಅವರು ಯಾರನ್ನು ನೆನೆದು ಇದನ್ನು ಹೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಹೊನ್ನಲಕ್ಷ್ಮಿ, ಊರವರ ಬಾಯಲ್ಲಿ ಹೊನ್ನಿ, ಭಟ್ಟಿಕೇರಿಯ ತಂಡದಲ್ಲಿ ಆಡುತ್ತಿದ್ದಳು. ಅವರದು ಮಂಡಕ್ಕಿ ಭಟ್ಟಿಯ ಮನೆ. ಅಂಬೆಗಾಲಿಡುವ ವಯಸ್ಸಿನಲ್ಲಿ ಅವಳು ಅಕ್ಕಿ ಹುರಿಯುವ ಕಾದ ಮರಳಿಗೆ ಎರಡೂ ಕೈ ಊರಿದ್ದಳು. ಅಂಗೈ ವಾಸಿಯಾಗುವಾಗ ಬೆರಳುಗಳು ಒಳಕ್ಕೆ ಬಾಗಿ ಹಾಗೆಯೇ ಉಳಿದವು. ಎರಡು ಬಟ್ಟಲುಗಳಂತಹ ಕೈ. ಬೀದಿಯಲ್ಲಿ ನಡೆಯುವಾಗ ಅವನ್ನು ದುಪಟ್ಟಾದ ಒಳಗಿಂದ ಹೊರಗೆ ತೆಗೆಯುತ್ತಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆಯನ್ನು ಕಟ್ಟೆಯ ಮೇಲೆ ಇಡಿಸಿಕೊಂಡು, ಯಾರೂ ನೋಡದಾಗ ಬಾಚಿಕೊಳ್ಳುತ್ತಿದ್ದಳು. ಅಂಗಳಕ್ಕೆ ಬಂದರೆ ಮಾತ್ರ ದುಪಟ್ಟಾವನ್ನು ಬೇಲಿಯ ಮೇಲೆ ಎಸೆಯುತ್ತಿದ್ದಳು. ಅವಳ ಕೈಗೆ ಬಂದ ಚೆಂಡು ಅದೇ ತನ್ನ ಗೂಡು ಎಂಬಂತೆ ಆ ಬಟ್ಟಲಿಗೆ ಏರಿ, ಇಳಿದು, ಏರಿ ಹೋಗುತ್ತಿತ್ತು. ಅವಳಷ್ಟು ಚಂದ ಓಡುವ ನೆರಳನ್ನು ನಾನು ಇನ್ನೊಂದು ಕಂಡಿಲ್ಲ.

ಎದುರು ತಂಡದವರಿಗೆ ಅವಳ ಕೈಯೇ ಮಾತು. "ಹೊನ್ನೀ, ಚೆಂಡು ಪುಟಿಸ್ತೀಯೋ, ಪಾಯಸ ಕುಡೀತೀಯೋ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು. "ನಿಮ್ಮನೇಲಿ ಮಾಡಿದ್ರೆ ಕುಡೀತೀನಿ, ನಿಮ್ಮವ್ವ ಸಕ್ಕರೆ ಹಾಕ್ಬೇಕಷ್ಟೆ" ಎಂದು ಅವಳು ಓಡುತ್ತಲೇ ಉತ್ತರ ಕೊಡುತ್ತಿದ್ದಳು. ಆದರೆ ಯಾರೂ ಅವಳ ಮೇಲೆ ನೆರಳು ಕೇಳಿರಲಿಲ್ಲ. ಕೇಳಲು ಎರಡೂ ಕಡೆಯವರಿಗೆ ಭಯ. ರೆಫ್ರಿಯ ಸೀಟಿ ಆ ಹೊತ್ತಿಗೆ ಮುಗಿಯುತ್ತದೆ. ನೆರಳಿನ ಮಾತು ಹಾಗಲ್ಲ, ಅದು ಆ ಆಟಗಾರರಿಗೆ ಕೊನೆಯವರೆಗೆ ಅಂಟುತ್ತದೆ, ಅದಕ್ಕೆ ಮೇಲ್ಮನವಿ ಇಲ್ಲ. ಹಿಂದೆ ಭರಮಪ್ಪ ಎಂಬಾತ ಚೆಂಡನ್ನು ಪಕ್ಕದಿಂದ ಗುಡಿಸಿದಂತೆ ಪುಟಿಸುತ್ತಿದ್ದನಂತೆ. ನೆರಳು "ನಿಂತಿತು" ಎಂದಿತು. ಅಂದಿನಿಂದ ಅವನು ಹಾಗೆ ಪುಟಿಸುವಂತಿಲ್ಲ. ಅವನು ಬೇರೆ ಬಗೆ ಕಲಿತುಕೊಂಡ. ಹೊನ್ನಿಗೆ ಬೇರೆ ಬಗೆ ಎಲ್ಲಿಂದ ಬರಬೇಕು? ನೆರಳು ಅವಳಿಗೆ "ನಿಂತಿತು" ಎಂದರೆ ಅವಳ ಆಟವೇ ಮುಗಿಯಿತು. "ನಿಲ್ಲಲಿಲ್ಲ" ಎಂದರೆ ಇನ್ನು ಯಾರೂ ಆ ಕೈಯ ಬಗ್ಗೆ ತುಟಿ ಬಿಚ್ಚುವಂತಿಲ್ಲ.

ಆ ವರ್ಷದ ಕೊನೆಯ ಪಂದ್ಯದ ಹಿಂದಿನ ದಿನ ಹೊನ್ನಿ ನಮ್ಮ ಮನೆಗೆ ಬಂದಳು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಬಾಗಿಲಲ್ಲಿ ನಿಂತು ತನ್ನ ನೆರಳು ಒಳಗೆ ಬರುವವರೆಗೆ ಕಾದು, ಚಾಪೆಯ ಮೇಲೆ ಕೂತಳು. ಅವ್ವ ಚಹಾ ತಂದಳು.

"ಕೈ ಹೊರಗೆ ತೆಗಿಯವ್ವಾ, ಲೋಟ ಹಿಡ್ಕೋ. ಇಲ್ಲಿ ಯಾರಿದಾರೆ ನೋಡೋಕೆ. ಇವಳಂತೂ ನೆಲ ಬಿಟ್ಟು ಮೇಲೆ ನೋಡಲ್ಲ" ಎಂದಳು.

ಹೊನ್ನಿ ನಕ್ಕಳು. ಎರಡು ಅಂಗೈಗಳ ನಡುವೆ ಲೋಟ ಸರಿಯಾಗಿ ಕೂತಿತು. ಸ್ವಲ್ಪ ಹೊತ್ತು ಊದಿಕೊಂಡು ಕುಡಿದಳು.

"ನಾಳೆ ಜಯಶೀಲಾ ನೆರಳು ಕೇಳ್ತಾಳಂತೆ" ಎಂದಳು. ಜಯಶೀಲಾ ಕೋಟೆಬೀದಿ ತಂಡದ ನಾಯಕಿ. "ಸುಮ್ಸುಮ್ನೆ ಕೇಳಲ್ಲ, ಸರಿಯಾದ ಹೊತ್ತು ನೋಡಿ ಕೇಳ್ತಾಳೆ."

ನಾನು ಕುಚ್ಚಿನ ಗಂಟು ಬಿಗಿದೆ.

"ಏನು ಹೇಳ್ತೀಯಾ?"

"ಏನು ಕಂಡ್ರೆ ಅದು."

"ನಾನು ಅವತ್ತು ನಕ್ಕಿದ್ದು ನೆನಪೈತಾ?"

"ಐತೆ."

"ಸೇಡು ತೀರಿಸ್ಕೋಬೇಕು ಅನ್ನಿಸ್ತಾ?"

ನಾನು ಮುಂದಿನ ಕುಚ್ಚಿಗೆ ಎಳೆಗಳನ್ನು ಸೇರಿಸಿಕೊಂಡೆ. ಹೊನ್ನಿ ಲೋಟ ಕೆಳಗಿಟ್ಟು ಕೈಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು. "ನಂಗೆ ಇದೊಂದೇ ಇರೋದು ಕಣೇ. ಅಂಗಳದಾಗೆ ಇರೋವಷ್ಟು ಹೊತ್ತು ನನ್ನ ಕೈ ನಂಗೆ ಮರೆತುಹೋಗ್ತೈತೆ" ಎಂದಳು. ಅವಳು ಹೋದ ಮೇಲೆ ನಾನು ಬಾಗಿಲು ಹಿಡಿದು ನಿಂತೆ. ಅವಳ ನೆರಳು ಚಾಪೆಯ ಮೇಲೆ ಲೋಟ ಹಿಡಿದಂತೆಯೇ ಇನ್ನೂ ಕೂತಿತ್ತು. ಆಮೇಲೆ ಎದ್ದು ಹೋಯಿತು.

ಮರುದಿನ ಸಂಜೆ ಬಿಸಿಲು ವಾಲಿತ್ತು. ನೆರಳುಗಳು ಉದ್ದವಾಗಿದ್ದವು, ತುಂಬ ತಡವಾಗಿಯೂ ಇದ್ದವು. ಬೇಲಿಯ ಸುತ್ತ ಎರಡೂ ಕೇರಿಯವರು ತುಂಬಿದ್ದರು. ಪಂದ್ಯ ನಡೆಸುವ ಕ್ಲಬ್ಬಿನ ಅಧ್ಯಕ್ಷ ಸಣ್ಣೀರಪ್ಪನವರು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ನಾನು ಮೊದಲ ಸೀಟಿಯಿಂದಲೇ ಹೊನ್ನಿಯ ನೆರಳನ್ನು ಬಿಡದೆ ನೋಡಿದೆ. ಜಯಶೀಲಾ ಯಾವಾಗ ಬೇಕಾದರೂ ಕೂಗಬಹುದಾಗಿತ್ತು. ಹೊನ್ನಿ ಓಡಿದಳು, ತಿರುಗಿದಳು, ಇಬ್ಬರ ನಡುವೆ ನುಸುಳಿ ಹೋದಳು. ಪ್ರತಿ ಸಲವೂ ಚೆಂಡಿನ ನೆರಳು ಬಾಗಿದ ಬೆರಳುಗಳ ನೆರಳಿಗೆ ಬಂದು ಅಂಟುತ್ತಿತ್ತು, ಪ್ರತಿ ಸಲವೂ ಅಂಚು ಅದುರುತ್ತಿತ್ತು. ಚೆಂಡು ಆ ಬಟ್ಟಲಿಗೆ ಬಂದರೂ ಅಲ್ಲಿ ಕೂರುತ್ತಿರಲಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಅಂದು ಇನ್ನೊಮ್ಮೆ ಗೊತ್ತಾಯಿತು. ಜಯಶೀಲಾ ಈಗ ಕೂಗಲಿ, ಈಗ ಕೂಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ಕೂಗಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಕೋಟೆಬೀದಿ ಒಂದು ಅಂಕ ಮುಂದಿತ್ತು. ಹೊನ್ನಿ ಚೆಂಡು ಪುಟಿಸುತ್ತಾ ರಿಂಗಿನ ಕಡೆ ನುಗ್ಗಿದಳು. ಎದುರಿಗೆ ಅಡ್ಡ ಬಂದ ಕೋಟೆಬೀದಿಯ ಹುಡುಗಿಯೊಬ್ಬಳು ಕಾಲು ಜಾರಿ ಬಿದ್ದಳು ಎಂದು ಜನರ ಉದ್ಗಾರದಿಂದ ತಿಳಿಯಿತು. ನಾನು ತಲೆ ಎತ್ತಲಿಲ್ಲ. ಮರುಕ್ಷಣ ಚೆಂಡು ಬಲೆಯೊಳಗೆ ಸುಯ್ಯೆಂದ ಸದ್ದು, ಭಟ್ಟಿಕೇರಿಯವರ ಕೇಕೆ. ಅರುಳಪ್ಪನವರು ಅಂಕ ಕೊಟ್ಟು ಕೈ ಎತ್ತಿದರು. ಅದರ ಮೇಲೆಯೇ ಜಯಶೀಲಾಳ ದನಿ ಬಿತ್ತು.

"ನೆರಳು!"

ಎಲ್ಲರೂ ನಿಂತರು. ನೆಲದ ಮೇಲೆ ಹೊನ್ನಿಯ ನೆರಳು ಇನ್ನೂ ಓಡುತ್ತಿತ್ತು. ಅದರ ಮುಂದೆ ಇನ್ನೊಂದು ನೆರಳು ಜಾರಿ ಉದ್ದಕ್ಕೆ ಮಲಗಿತು. ಹೊನ್ನಿಯ ಕಾಲು ಮೇಲೆದ್ದಿತ್ತು, ಇಳಿದರೆ ಬಿದ್ದವಳ ಕೈಯ ಮೇಲೆಯೇ. ಆ ಕಾಲು ಗಾಳಿಯಲ್ಲಿ ತಡೆಯಿತು. ಚೆಂಡು ಬಂದು ಬಟ್ಟಲಿಗೆ ಸೇರಿತು. ಅಂಚು ಅದುರಲಿಲ್ಲ. ಕಾಲು ಪಕ್ಕಕ್ಕೆ ಸರಿದು ಬೇರೆ ಜಾಗದಲ್ಲಿ ಊರಿತು. ಆಮೇಲೆ ಚೆಂಡು ಮತ್ತೆ ನೆಲಕ್ಕೆ ಪುಟಿದು, ಏರಿ, ರಿಂಗಿನ ನೆರಳಿನೊಳಗೆ ಹೋಯಿತು.

ಚೆಂಡು ನಿಂತಿತ್ತು.

"ದಾಕ್ಷಾಯಣಮ್ಮ, ಮಾತು" ಎಂದರು ಅರುಳಪ್ಪನವರು. ಅಂಗಳದಲ್ಲಿ ಅವರು ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ಸುಳ್ಳು ಹೇಳಿದರೆ ಊರಿನಲ್ಲಿ ಇನ್ನೊಂದು ಕಣ್ಣಿಗೂ ಅದು ಗೊತ್ತಾಗುವಂತಿರಲಿಲ್ಲ. ಅಷ್ಟು ದೂರದಿಂದ ಅಂಚು ಯಾರಿಗೂ ಕಾಣದು. ಆದರೆ ಅಪ್ಪನ ಎದೆ ಗೋಡೆಯ ಮೇಲೆ ಕೊನೆಯ ಸಲ ಇಳಿದದ್ದನ್ನು ನಂಬಿ ಅವ್ವ ಅತ್ತವಳು. ನೆರಳನ್ನು ಸುಳ್ಳು ಮಾಡಿದರೆ ನಮ್ಮ ಊರಿನಲ್ಲಿ ನಂಬಲು ಏನೂ ಉಳಿಯುವುದಿಲ್ಲ.

"ನಿಂತಿತು" ಎಂದೆ.

ಕೋಟೆಬೀದಿಯವರು ಎದ್ದು ಕುಣಿದರು. ಯಾರೋ ತಟ್ಟೆ ಬಡಿದರು. ಅರುಳಪ್ಪನವರು ಅಂಕ ತೆಗೆದುಹಾಕಿದರು. ಸಣ್ಣೀರಪ್ಪನವರು ಕುರ್ಚಿಯಿಂದ ಏಳದೆಯೇ ದನಿ ಎತ್ತಿ, "ನೆರಳಿನ ಮಾತು ಬಂತು. ಇನ್ನು ಭಟ್ಟಿಕೇರಿ ಹೊನ್ನಿ ಕೈ ತಪ್ಪು ಕೈ. ಇವತ್ತಿಗೆ ಕೊನೆ" ಎಂದರು. ಹೊನ್ನಿಯ ನೆರಳು ನನ್ನ ಎದುರಿಗೇ ಬಿದ್ದಿತ್ತು. ಅದು ಬೇಲಿಯ ಕಡೆ ನಡೆದು ದುಪಟ್ಟಾ ಎಳೆದುಕೊಂಡು ಕೈಗಳನ್ನು ಮುಚ್ಚಿಕೊಂಡಿತು.

ನಾನು ಎದ್ದು ನಿಂತೆ.

ಯಾಕೆ ಎದ್ದೆನೋ ತಿಳಿಯದು. ಎದ್ದದ್ದನ್ನು ಕಂಡು ಒಬ್ಬೊಬ್ಬರಾಗಿ ಸುಮ್ಮನಾದರು. ನೆರಳು ನೋಡುವವಳು ಸ್ಟೂಲಿನಿಂದ ಏಳುವ ಪದ್ಧತಿಯೇ ಇಲ್ಲ. ಎಲ್ಲರ ಕಣ್ಣು ನನ್ನ ಮೇಲಿತ್ತು. ತರಗತಿಯ ಆ ಬಿಸಿಲು, ಆ ನಗು, ಎಲ್ಲ ಮೈಮೇಲೆ ಬಂದಂತಾಯಿತು. ಕಾಲು ಕೂರಲು ಹವಣಿಸುತ್ತಿತ್ತು. ಸ್ಟೂಲಿನ ನೆರಳಿನ ಮೇಲೆ ನನ್ನ ನೆರಳು ಇನ್ನೂ ತಲೆ ತಗ್ಗಿಸಿ ಕೂತಿತ್ತು. ಅದನ್ನೇ ನೋಡುತ್ತಾ ನಿಂತೆ. ಸಂಜೆಯ ನೆರಳು, ಏಳಲು ತುಂಬ ಹೊತ್ತು ತೆಗೆದುಕೊಂಡಿತು. "ಏನಂತೆ ಇವಳ್ದು?" ಎಂದರು ಯಾರೋ. ನಾನು ಕೂರಲಿಲ್ಲ. ನೆರಳು ಎದ್ದು ನನ್ನಂತೆಯೇ ನಿಂತ ಮೇಲೆ ಮಾತಾಡಿದೆ.

"ಕೈ ನಿಲ್ಲಿಸಲಿಲ್ಲ. ಹೊನ್ನಿ ನಿಲ್ಲಿಸಿದ್ಲು. ಬಿದ್ದವಳ ಕೈ ತುಳಿಯಬಾರದು ಅಂತ ನಿಲ್ಲಿಸಿದ್ಲು. ಇವತ್ತು ಉಳಿದ ಯಾವ ಸಲಾನೂ ಚೆಂಡು ಆ ಕೈಯಲ್ಲಿ ನಿಲ್ಲಲಿಲ್ಲ."

ನನ್ನ ದನಿ ಇಷ್ಟು ದಪ್ಪ ಎಂದು ನನಗೆ ಗೊತ್ತಿರಲಿಲ್ಲ.

"ಇದೇನಿದು!" ಎಂದರು ಸಣ್ಣೀರಪ್ಪನವರು. "ನೆರಳು ನೋಡೋರಿಗೆ ಒಂದೇ ಮಾತು. ಹರಿಕಥೆ ಮಾಡೋಕೆ ಕೂರಿಸಿದೀವಾ?"

ಅರುಳಪ್ಪನವರು ಸೀಟಿಯನ್ನು ಕೊರಳಿನಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಹಾಗೆ ಅವರು ಮಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. "ಯಜಮಾನ್ರೇ, ಮೊದಲ್ನೇದು ನೆರಳಿನ ಮಾತು ಅಂದ್ರೆ ಎರಡನೇದೂ ನೆರಳಿನ ಮಾತೇ. ನೋಡಿದ ಕಣ್ಣು ಒಂದೇ. ಮೊದಲ್ನೇದಕ್ಕೆ ಮೇಲ್ಮನವಿ ಇಲ್ಲ ಅಂದ್ರಿ. ಎರಡನೇದಕ್ಕೆ ಹೆಂಗೆ ಮಾಡ್ತೀರಿ?" ಎಂದರು.

"ಅವಳು ಪದ್ಧತಿ ಮುರಿದ್ಲು."

"ಮುರಿದ್ಲು. ಅದಕ್ಕೆ ಅವಳ್ನ ಕೇಳಿ. ನೆರಳನ್ನ ಯಾಕೆ ಕೇಳ್ತೀರಿ?"

ಬಿದ್ದಿದ್ದ ಹುಡುಗಿ ಎದ್ದು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಜಯಶೀಲಾ ಅವಳ ಕಡೆ ಒಮ್ಮೆ, ಅಧ್ಯಕ್ಷರ ಕಡೆ ಒಮ್ಮೆ ನೋಡಿ, "ಆಟ ನಾವು ಗೆದ್ವಲ್ಲ ಮಾವ, ಅಷ್ಟು ಸಾಕು" ಎಂದಳು. ಸಣ್ಣೀರಪ್ಪನವರು ಬಹಳ ಹೊತ್ತು ಕುರ್ಚಿಯ ಹಿಡಿ ತಟ್ಟುತ್ತಾ ಕೂತಿದ್ದರು. ಕೊನೆಗೆ ಎದ್ದು, ಹೊನ್ನಿಯ ಕೈ ಆಡುವ ಕೈ ಎಂದು ಹೇಳಿದರು. ನಾಳೆಯಿಂದ ಆ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂರಲಿ ಎಂದೂ ಹೇಳಿದರು. ಎರಡಕ್ಕೂ ಯಾರೂ ಎದುರಾಡಲಿಲ್ಲ.

ಸುದ್ದಿ ತಿಳಿದ ಪುಟ್ಟತಾಯಮ್ಮ ಅವ್ವನ ಕೈಯಲ್ಲಿ ಹೇಳಿಕಳಿಸಿದರು: "ನಾನೂ ಎಷ್ಟೋ ಸಲ ಏಳಬೇಕಿತ್ತು, ಏಳಲಿಲ್ಲ ಅಂತ ಹೇಳು." ಅಷ್ಟೇ. ಬೈದರೋ ಹರಸಿದರೋ ಅವ್ವನಿಗೂ ಗೊತ್ತಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ನಾನು ಬಾಗಿಲ ಬಳಿ ಕೂತು ಹಸಿರು ಸೀರೆಯೊಂದಕ್ಕೆ ಕುಚ್ಚು ಕಟ್ಟುತ್ತಿದ್ದೆ. ಬೀದಿಯಲ್ಲಿ ಚೆಂಡಿನ ಸದ್ದು ಕೇಳಿ ಬಂತು, ಹೊಸ್ತಿಲ ಮುಂದೆ ಬಂದು ನಿಂತಿತು. ಹೊನ್ನಿ.

"ಒಂದೇ ಮಾತಿನಾಗೆ ನಮ್ಮನ್ನ ಗೆಲ್ಲಿಸಬಹುದಿತ್ತು ನೀನು" ಎಂದಳು.

"ಹೌದು."

"ಭಟ್ಟಿಕೇರೀಲಿ ನಿನ್ನ ಹೆಸರು ಹೇಳಿದ್ರೆ ಉರೀತಾರೆ. ನಮ್ಮಪ್ಪ ನಿಮ್ಮನೆಗೆ ಮಂಡಕ್ಕಿ ಕೊಡಬ್ಯಾಡ ಅಂದೈತೆ."

"ನಿಂತಿತ್ತಲ್ಲ" ಎಂದೆ.

ಅವಳು ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡಳು. "ನಿಂತಿತ್ತು. ನಂಗೊತ್ತು. ನಂಗೆ ಗೊತ್ತಿರಲ್ವಾ?" ಎಂದಳು. ಆಮೇಲೆ, "ನಿನ್ನ ಸ್ಟೂಲು ಹೋಯ್ತಂತೆ. ಇನ್ನೇನು ನೋಡ್ತೀಯಾ?" ಎಂದು ಕೇಳಿದಳು.

ಉತ್ತರಕ್ಕೆ ಕಾಯದೆ ತಿರುಗಿ ಹೊರಟುಹೋದಳು. ಚೆಂಡಿನ ಸದ್ದು ಬೀದಿಯ ತಿರುವು ದಾಟಿತು. ನಾನು ಎದ್ದು ಬಾಗಿಲು ಹಿಡಿದು ನಿಂತೆ. ಅವಳ ನೆರಳು ಇನ್ನೂ ನಮ್ಮ ಮನೆಯ ಮುಂದೆಯೇ ಇತ್ತು. ಆಮೇಲೆ ನಡೆಯತೊಡಗಿತು. ದುಪಟ್ಟಾ ಹೆಗಲ ಹಿಂದೆ ಹಾರುತ್ತಿತ್ತು, ಕೈಗಳೆರಡೂ ಅದರ ಹೊರಗಿದ್ದವು. ಬೀದಿಯ ತುಂಬ ಜನರಿದ್ದರು, ಅಂಗಡಿಗಳು ತೆರೆದಿದ್ದವು. ಅವುಗಳ ನಡುವೆ ಬಾಗಿದ ಬೆರಳುಗಳ ಆ ನೆರಳಿಗೆ ಚೆಂಡು ಏರಿತು, ಇಳಿಯಿತು, ಏರಿತು. ಅದರ ಅಂಚು ಅದುರುತ್ತಲೇ ಇತ್ತು. ಅದು ತಿರುವು ದಾಟುವವರೆಗೆ ನಾನು ಬಾಗಿಲು ಹಾಕಲಿಲ್ಲ.